ಕೆಂಪು ಕಣ್ಣಿನ ರೋಬೋವನ್ನು ಬಿಟ್ಟು ಬಂದದ್ದು

ಈಗ ನನ್ನ ಮೊಮ್ಮಗಳು ಬೆಳಗ್ಗೆ ಎದ್ದರೆ ಬಾಯಿ ಮುಚ್ಚುವುದಿಲ್ಲ. ಅದನ್ನು ಕೇಳುತ್ತಾ ಕೂತರೆ ಒಲೆಯ ಮೇಲಿನ ಅನ್ನ ಸೀದು ಹೋಗುತ್ತದೆ, ಹೋಗಲಿ ಅಂತ ಬಿಡುತ್ತೇನೆ. ಹೋದ ವರ್ಷ ನಾಲ್ಕು ತುಂಬಿದ್ದರೂ ಅವಳಿಂದ ಒಂದು ಮಾತು ಹೊರಟಿರಲಿಲ್ಲ.

ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಕಾಯಿರಿ ಅಂದರು ಡಾಕ್ಟರು. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಅವಳ ವಾರಗೆಯ ಮಕ್ಕಳೆಲ್ಲ ಚಟಪಟ ಅನ್ನುವಾಗ ಇವಳು ಬೆರಳು ತೋರಿಸಿ ನಿಲ್ಲುತ್ತಿದ್ದಳು. ನನ್ನ ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದು ನನಗೆ ಗೊತ್ತಿತ್ತು.

ಮಗುವಿಗೆ ಇಷ್ಟವಾಗಿದ್ದು ಒಂದೇ, ಮೊಬೈಲಿನಲ್ಲಿ ಬರುವ ಹೊಡೆದಾಟದ ಕಾರ್ಟೂನು. ಅದರಲ್ಲಿ ಜುಟ್ಟಿನ ಹುಡುಗಿಯೊಬ್ಬಳು ಹಾರಿ ಹಾರಿ ಒದೆಯುತ್ತಾಳೆ. ನಮ್ಮವಳ ಕಣ್ಣು ಆ ಹುಡುಗಿಯ ಮೇಲಲ್ಲ. ಒಂದೇ ಕಂತಿನಲ್ಲಿ ಬಂದು ಹೋಗುವ ರೋಬೋ ಒಂದಿದೆ, ದೊಡ್ಡ ವಿಲನ್ನಿನ ಆಳು. ಚೌಕ ತಲೆ, ಒಂದೇ ಕೆಂಪು ಕಣ್ಣು. ಮಿಕ್ಕವರೆಲ್ಲ ಬಾಯಿತುಂಬ ಸವಾಲು ಹಾಕುತ್ತಾರೆ. ಇದು ಸುಮ್ಮನೆ ನಡೆದು ಬರುತ್ತದೆ, ಎರಡು ಏಟು ತಿಂದು ಮಾಳಿಗೆಯಿಂದ ಬೀಳುತ್ತದೆ. ಅಷ್ಟೇ ಅದರ ಪಾಲು. ಅದು ಬೀಳುವುದಕ್ಕೆ ಮುಂಚೆ ನಿಲ್ಲಿಸಿ, ಮಗು ಮತ್ತೆ ಮೊದಲಿಂದ ಹಾಕುತ್ತಿದ್ದಳು. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಅಳಿಯ ತಗಡಿನ ಚೂರುಗಳಲ್ಲಿ ಅಂಥದ್ದೇ ಒಂದು ಮಾಡಿಕೊಟ್ಟ. ಕಣ್ಣಿಗೆ ಸೈಕಲ್ಲಿನ ಕೆಂಪು ಬಿಲ್ಲೆ. ಊಟ, ನಿದ್ದೆ ಎಲ್ಲ ಅದರ ಜೊತೆಯಲ್ಲೇ.

ನನಗೆ ಅದರ ಮೇಲೆ ಅನುಮಾನ ಶುರುವಾಯಿತು. ಮಾತಿಲ್ಲದ ಕೇಡಿಯನ್ನು ತಬ್ಬಿಕೊಂಡಿದ್ದರೆ ಮಾತು ಬರುವುದಾದರೂ ಹೇಗೆ? ಅದರ ಒಂಟಿಗಣ್ಣೇ ತಗುಲಿದೆ ಅಂತ ಮನಸ್ಸಿಗೆ ಬಂತು. ಮಂಗಳವಾರ ಮುಸ್ಸಂಜೆ ಮಗು ಮಲಗಿದ್ದಾಗ, ಉಪ್ಪು ಮೆಣಸಿನಕಾಯಿಯ ಜೊತೆ ಆ ರೋಬೋವನ್ನೂ ಹಿಡಿದು ಮೂರು ಸಲ ಇಳಿ ತೆಗೆದೆ. "ಹೋದೋರ್ ಕಣ್ಣು, ಬಂದೋರ್ ಕಣ್ಣು, ಮೊಬೈಲ್ ಒಳ್ಗಿರೋನ್ ಕಣ್ಣು" ಅಂದೆ. ಮೂರು ದಾರಿ ಕೂಡುವಲ್ಲಿ ಎಲ್ಲವನ್ನೂ ಇಟ್ಟು, ಹಿಂತಿರುಗಿ ನೋಡದೆ ಬಂದೆ. ಹಾಗೆ ಬಿಟ್ಟದ್ದನ್ನು ಮನೆಗೆ ತರಬಾರದು.

ಎದ್ದವಳು ಹಾಸಿಗೆ ಕೊಡವಿದಳು. ಮಂಚದ ಕೆಳಗೆ, ಅಕ್ಕಿ ಡಬ್ಬದೊಳಗೆ ನೋಡಿದಳು. ಅಳಲಿಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಆ ರಾತ್ರಿ ಊಟವಿಲ್ಲ. ಮಾರನೆಯ ದಿನ ಎರಡು ಗುಟುಕು ನೀರು, ಅಷ್ಟೇ.

"ಅಮ್ಮ, ನೀನೇನಾದ್ರೂ ಮಾಡಿದ್ಯಾ?" ಅಂತ ಮಗಳು ಕೇಳಿದಳು.

ಹೇಳಿದೆ.

"ಅದೊಂದ್ರ ಜೊತೆನಾದ್ರೂ ಇದ್ಲು ಕಣಮ್ಮ" ಅಂದಳು. ಬೈದಿದ್ದರೆ ವಾಸಿಯಿತ್ತು.

ಮೂರು ದಾರಿಯ ಹತ್ತಿರ ಓಡಿದೆ. ಮೆಣಸಿನಕಾಯಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿತ್ತು, ರೋಬೋ ಇರಲಿಲ್ಲ. ಚರಂಡಿ ಕೆದಕಿದೆ, ಗುಜರಿ ಅಂಗಡಿಯಲ್ಲಿ ಮೂಟೆ ಬಿಚ್ಚಿಸಿದೆ. ದೇವರೇ, ನನ್ನ ಮಾತು ಕಿತ್ತುಕೊಂಡು ಅವಳಿಗೆ ಕೊಡು ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಕತ್ತಲಾಗುವವರೆಗೆ ಹುಡುಕಿ ಬರಿಗೈಯಲ್ಲಿ ಬಂದಾಗ, ಮಗು ನನ್ನ ಕೈ ನೋಡಿ ಮತ್ತೆ ಗೋಡೆಗೆ ತಿರುಗಿದಳು.

ಮೂರನೆಯ ದಿನ ಬೆಳಗ್ಗೆ ಬಾಡಿದ ಸೊಪ್ಪಿನಂತಿದ್ದ ಮಗುವನ್ನು ಸೊಂಟಕ್ಕೇರಿಸಿಕೊಂಡು, ಕ್ಲಿನಿಕ್ಕಿಗೆ ಅಂತ ಹೊರಟೆ. ಕಸದ ಆಟೋ ಎದುರು ಬಂತು. ಮುಂದುಗಡೆ ತಂತಿಯಲ್ಲಿ ಬೊಂಬೆಗಳನ್ನು ಕಟ್ಟಿದ್ದರು. ಕಿವಿ ಕಿತ್ತ ಕರಡಿ, ಕೂದಲಿಲ್ಲದ ಗೊಂಬೆ, ನಡುವೆ ನಮ್ಮ ರೋಬೋ. ಆಟೋ ಓಡಿಸುತ್ತಿದ್ದಾಕೆಗೆ ಕೈ ಅಡ್ಡ ಹಿಡಿದೆ.

"ಅದು ನಮ್ದು ಕಣವ್ವ."

"ದೃಷ್ಟಿ ತೆಗ್ದಿದ್ದಲ್ವಾ ಅಜ್ಜಿ? ಮೆಣ್ಸಿನ್‌ಕಾಯಿ ಪಕ್ದಲ್ಲೇ ಸಿಕ್ತು. ವಾಪಸ್ ಮನೆಗ್ ತಗೊಂಡೋಗ್ತಾರಾ ಯಾರಾದ್ರೂ? ನಮ್ಗಾದ್ರೆ ಏನಾಗಲ್ಲ, ಊರಿನ್ ದೃಷ್ಟಿಯೆಲ್ಲಾ ನಮ್ ಗಾಡೀಲೇ ಓಡಾಡ್ತೈತೆ."

ನನ್ನ ಚಾಚಿದ ಕೈ ಅಲ್ಲೇ ನಿಂತಿತು. ಹುಡುಕುವ ಗಾಬರಿಯಲ್ಲಿ ಅದನ್ನು ಮರೆತೇ ಬಿಟ್ಟಿದ್ದೆ. ತೆಗೆದ ಕಣ್ಣು ತಿರುಗಿ ಮಗುವಿಗೇ ತಗುಲಿದರೆ? ಈ ಜನ್ಮಕ್ಕೆ ಮಾತೇ ಬರದೆ ಹೋದರೆ?

ಆಗ ಸೊಂಟದ ಮೇಲಿಂದ ಕೇಳಿಸಿತು. "ಕೊಡು."

ಬೀದಿಯಲ್ಲಿ ಬೇರೆ ಮಕ್ಕಳಿರಲಿಲ್ಲ. ಆಕೆ ತಂತಿಗೆ ಕೈ ಹಾಕಿದಳು.

"ತಡಿಯವ್ವ, ಬಿಚ್ಬೇಡ" ಅಂದೆ. "ಇನ್ನೊಂದ್ಸಲ ಅನ್ನು ನನ್ ಬಂಗಾರ."

"ಕೊಡು" ಅಂದಳು, ನನ್ನ ಭುಜಕ್ಕೊಂದು ಗುದ್ದಿ.

"ಬಿಚ್ಬೇಡ, ಬಿಚ್ಬೇಡ."

"ಏನಜ್ಜಿ ನೀನು, ಬೇಕಾ ಬ್ಯಾಡ್ವಾ? ನಂಗಿನ್ನೂ ಐದು ಬೀದಿ ಐತೆ" ಅಂದಳು ಆಕೆ.

ಅಜ್ಜಿಯಿಂದ ಆಗುವ ಕೆಲಸವಲ್ಲ ಅಂತ ಮಗುವಿಗೂ ಅನ್ನಿಸಿರಬೇಕು. ಆಕೆಯ ಕಡೆಗೇ ವಾಲಿ, ಎರಡೂ ಕೈ ಚಾಚಿ ಮೂರನೆಯ ಸಲ ಕೇಳಿದಳು. ಆಕೆ ತಂತಿ ತಿರುಚಿ ಬಿಚ್ಚಿಕೊಟ್ಟಳು.

ನಾನು ಕಸದ ಗಾಡಿಗೇ ಒರಗಿ ನಿಂತು ಮಗಳಿಗೆ ಫೋನು ಒತ್ತಿದೆ. ನಂಬರು ತಪ್ಪಿ ಯಾರಿಗೋ ಹೋಯಿತು, ಯಾರೋ ಗಂಡಸರು ಎತ್ತಿದರು. ಇರಲಿ ಅಂತ ಅವರಿಗೇ ಹೇಳಿಬಿಟ್ಟೆ, ನಮ್ಮ ಮಗು ಮಾತಾಡಿತು ಅಂತ.