ಸರೋವರದ ದಾರಿಯ ಹನ್ನೊಂದು ಮನೆಗಳು

ಪ್ರಿಯರೇ, ಸ್ವಲ್ಪ ಹೊತ್ತು ಕಿವಿಗೊಡಿರಿ. ವಿಸ್ಕಾನ್ಸಿನ್ನಿನ ಎಲ್ಕ್ ಬೆಂಡ್ ಎಂಬ ಊರಿನ ಥೋರಾ ಟ್ವೆಟ್ ಎಂಬಾಕೆಯ ಮಾತಿದು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು, ಮುಪ್ಪಿನಲ್ಲಿ ಊರ ಮಂಡಳಿಯ ಐವರಲ್ಲಿ ಒಬ್ಬಳಾದವಳು. ಬೀದಿಗಳಲ್ಲಿ ಯಾವ ಕೇಬಲ್ ಕಂಪನಿ ತಂತಿ ಎಳೆಯಬಹುದೆಂದು ತೀರ್ಮಾನಿಸುವ ಅಧಿಕಾರ ಆ ಮಂಡಳಿಯದು.

ಆ ವರ್ಷ ಹಳೆಯ ಕಂಪನಿಯ ಪರವಾನಗಿ ಮುಗಿಯುತ್ತಿತ್ತು. ಹೊಸದೊಂದು ತಾನೂ ಬರುವೆನೆಂದು ಅರ್ಜಿ ಹಾಕಿತ್ತು. ತನಗೊಂದಕ್ಕೇ ಕೊಡಿರೆಂದು ಹಳೆಯದು ಪಟ್ಟು ಹಿಡಿದಿತ್ತು. ಇಬ್ಬರು ಸದಸ್ಯರು ಅತ್ತ, ಇಬ್ಬರು ಇತ್ತ. ಉಳಿದವಳು ಥೋರಾ.

ಅವಳ ಗಂಡ ಹಾಲ್ವರ್ ಚರ್ಚಿನ ಗಾಯಕರಲ್ಲಿ ಒಬ್ಬನಾಗಿದ್ದವನು. ಪಾರ್ಶ್ವವಾಯು ಬಡಿದು ಕುರ್ಚಿ ಹಿಡಿದಿದ್ದ. ಭಾನುವಾರದ ಆರಾಧನೆ ಕೇಬಲಿನಲ್ಲಿ ಬರುತ್ತಿತ್ತು. ಆದರೆ ಅವರಿದ್ದ ಸರೋವರದ ದಾರಿಗೆ ತಂತಿಯಿರಲಿಲ್ಲ. ಮೈಲಿಗೆ ಇಪ್ಪತ್ತು ಮನೆಗಳಿದ್ದರಷ್ಟೇ ತಂತಿ ಎಂಬುದು ನಿಯಮ.

ಒಂದು ಮಧ್ಯಾಹ್ನ ಹಳೆಯ ಕಂಪನಿಯ ಡೋರ್ನ್ ನಕ್ಷೆ ಹಿಡಿದು ಬಂದ. ಅದರಲ್ಲಿ ಅವರ ಒಂದು ಮೈಲಿ ದಾರಿಗೆ ಸರಿಯಾಗಿ ಇಪ್ಪತ್ತು ಮನೆ. ಥೋರಾ ಬೆರಳಿಟ್ಟು ಎಣಿಸಿದಳು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯಲು ಜನ ಹಲಗೆಯ ಗೂಡುಗಳನ್ನು ಎಳೆದೊಯ್ಯುತ್ತಾರೆ; ಬೇಸಿಗೆಯಲ್ಲಿ ಅವು ದಡದಲ್ಲಿ ಸಾಲಾಗಿ ನಿಂತಿರುತ್ತವೆ.

"ಇವು ಮೀನುಗೂಡು ಅಲ್ವೇನ್ರೀ?"

"ಬಾಗಿಲಿದೆ, ಹೊಗೆಕೊಳವೆ ಇದೆ. ನಮ್ಮವರು ಎಣಿಸಿಬಿಟ್ಟಿದ್ದಾರೆ," ಎಂದ ಡೋರ್ನ್. "ಯಾರು ಕೇಳ್ತಾರೆ ಬಿಡಿ. ನಾವೊಬ್ರೇ ಇದ್ರೆ ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ಯಜಮಾನ್ರು ಹಾಡು ಕೇಳಬಹುದು."

"ಹಾಡು," ಎಂದು ಹಾಲ್ವರ್ ಕುರ್ಚಿಯಿಂದಲೇ ತೊದಲಿದ. ಆಮೇಲೆ ಮೂರು ವಾರ ದಿನವೂ ಅದೇ ಮಾತು. ಥೋರಾ ಮೊಣಕಾಲೂರಿದಾಗ, ತಾನು ತಪ್ಪಾಗಿ ಎಣಿಸಿರಲೆಂದೇ ಬೇಡುತ್ತಿರುವುದು ಅವಳಿಗೆ ಹೊಳೆಯಿತು. ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸಿ ಎದ್ದಳು.

ಸಭೆಯ ದಿನ ಎದ್ದು ನಿಂತು ಹೇಳಿದಳು: "ನಮ್ಮ ದಾರೀಲಿ ಇರೋದು ಹನ್ನೊಂದೇ ಮನೆ. ಮಿಕ್ಕ ಒಂಬತ್ತು ಮೀನುಗೂಡು."

ಹಿಂದಿನ ಸಾಲಿನಿಂದ ನೆರೆಮನೆಯ ಸೆಲ್ಮರ್ ಕೂಗಿದ: "ಏ ಥೋರಾ, ನಂದು ಮನೇನೇ. ಒಲೆ ಇದೆ, ಮಂಚ ಇದೆ."

"ನಿನ್ನ ಹೆಂಡ್ತಿ ನಿನ್ನ ಅಲ್ಲಿಗೇ ಅಟ್ತಾಳೆ ಅಂತ ಊರಿಗೇ ಗೊತ್ತು ಕಣೋ. ಆದ್ರೂ ಅದು ಮನೆ ಅಲ್ಲ."

ಸಭೆ ನಕ್ಕಿತು. ಸೆಲ್ಮರ್ ನಗಲಿಲ್ಲ. "ಹಾಲ್ವರ್‌ಗೆ ಇದನ್ನ ಹೇಗೆ ಹೇಳ್ತೀಯ?" ಎಂದ.

ಥೋರಾ ಮಂಡಳಿಯವರ ಕಡೆ ತಿರುಗಿದಳು. ಎರಡು ಕಂಪನಿಗಳೂ ಬರಲಿ, ಎರಡಕ್ಕೂ ಒಂದೇ ನಿಯಮವಿರಲಿ ಎಂದು ಕೈ ಎತ್ತಿದಳು. ಸರೋವರದ ದಾರಿಗೆ ಯಾವುದೂ ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ಹಾಲ್ವರ್ ಕಿಟಕಿಯತ್ತ ಮುಖ ತಿರುಗಿಸಿದ. ಅಂದಿನಿಂದ ಪ್ರತಿ ಭಾನುವಾರ ಅವಳು ಚರ್ಚಿನಿಂದ ಬಂದವಳೇ, ಕೋಟೂ ಬಿಚ್ಚದೆ, ಅವನ ಪಕ್ಕ ಕೂತು ಅಂದಿನ ಕೀರ್ತನೆ ಹಾಡುತ್ತಾಳೆ. ಅವಳ ಕಂಠ ಒರಟು. ಅವನು ಇನ್ನೂ ದನಿಗೂಡಿಸಿಲ್ಲ.

ಪ್ರಿಯರೇ, ನಿಮ್ಮ ಕೈಗೂ ಒಂದು ದಿನ ಊರಿನ ನಕ್ಷೆ ಬಂದೀತು. ಆಗ ನಿಮ್ಮ ಮನೆಯ ದಾರಿಯನ್ನೇ ಮೊದಲು ಎಣಿಸಿರಿ, ಇದ್ದಷ್ಟನ್ನೇ ಹೇಳಿರಿ. ಆಮೇಲೆ ಮನೆಗೆ ಹೋಗಿ, ನೊಂದವರ ಪಕ್ಕ ಕೂತು ಹಾಡಿರಿ.