ಬಂಡೆಮ್ಮನಿಗೆ ಬೇಕಿರುವುದು ಹರಕು ಬಟ್ಟೆ

ಬೆಳಗಿನ ಆರೂಮುಕ್ಕಾಲು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಬಟ್ಟೆ ಅಂಗಡಿಗಳ ಸಾಲು ಇನ್ನೂ ಷಟರ್ ಎತ್ತಿಲ್ಲ. ಒಂದು ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಹೆಂಗಸೊಬ್ಬರು ಕಾಲು ಮಷೀನಿನ ಮೇಲಿನ ಗೋಣಿತಟ್ಟು ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಅರ್ಧ ಬ್ಲೇಡು ಹಿಡಿದು ಕರಿ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದಾರೆ. ಒಂದೊಂದೇ ಹೊಲಿಗೆ ಬಿಚ್ಚಿ, ಬಂದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಪತ್ರಿಕೆಗೊಂದು ಬರಹಕ್ಕೆಂದು ಬಂದ ನಾನು ಟೈಲರ್ ಬೋರ್ಡು ಹುಡುಕುತ್ತ ಅವರ ಮುಂದೆಯೇ ಎರಡು ಸಲ ದಾಟಿ ಹೋಗಿದ್ದೇನೆ. ಮೂರನೇ ಸಲ ಅವರೇ ಕೇಳುತ್ತಾರೆ.

"ಯಾರನ್ನ ಹುಡುಕಾಕತ್ತೀರಿ ಸರ?"

"ಬಂಡೆಮ್ಮ ಅಂತ ಟೈಲರ್..."

"ಬಂಡೆಮ್ಮ ನಾನ. ಟೇಲರ್ ಅಲ್ರೀ, ಹೊಲಿಗಿ ಬಿಚ್ಚಾಕಿ."

ಅಲ್ಲಿಂದ ಶುರುವಾದ ಗೊಂದಲ ನನ್ನನ್ನು ದಿನವಿಡೀ ಬಿಡುವುದಿಲ್ಲ. ವಯಸ್ಸು ಕೇಳಿದರೆ ಅದೂ ಸರಳವಿಲ್ಲ. "ಆಧಾರದಾಗ ಐವತ್ತೇಳು ಅದ. ನಮ್ಮವ್ವ ಹೇಳಿದ್ದು ನೋಡಿದ್ರ ಐವತ್ತೊಂದು. ಯಾವುದರ ಒಂದು ಬರ್ಕೋರಿ." ಊರು ಕಲ್ಮಲ. ಗಂಡ ಸಿದ್ರಾಮ ಕುರಿ ಹಿಂಡಿನ ಹಿಂದೆ ವರ್ಷಕ್ಕೆ ಐದಾರು ತಿಂಗಳು ಹೊರಗೇ ಇರುತ್ತಾರೆ. ಮಾನ್ವಿಯ ಮೊದಲ ಬಸ್ಸು ಕಲ್ಮಲಕ್ಕೆ ಬರುವಷ್ಟರಲ್ಲಿ ಬಂಡೆಮ್ಮ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ರಸ್ತೆಗೆ ಬಂದಿರುತ್ತಾರೆ. ಮೊದಲು ಶಾಲೆ ಯೂನಿಫಾರ್ಮ್ ಹೊಲಿಯುವ ಒಂದು ಕಡೆ ಹನ್ನೊಂದು ವರ್ಷ ಇದ್ದರಂತೆ. ಹೊಲಿಯುವವರು ಬೇರೆ, ತಪ್ಪು ಹೊಲಿದದ್ದನ್ನು ಬಿಚ್ಚುವುದು ಇವರ ಪಾಲು. ಅದು ಮುಚ್ಚಿದ ಮೇಲೆ ಹಳೇ ಮಷೀನು ಕೊಂಡು ಇಲ್ಲಿ ಕುಳಿತು ಎಂಟು ವರ್ಷವಾಗಿದೆ. "ಹೊಲಿಯೋರು ಬಟ್ಟಿ ಮ್ಯಾಲಿಂದ ನೋಡ್ತಾರ. ನಾ ಒಳಗಿಂದ ನೋಡೀನಿ" ಎನ್ನುತ್ತಾರೆ.

ಈಗ ಇಲ್ಲಿಗೆ ಬರುವವರಲ್ಲಿ ಮುಕ್ಕಾಲು ಮಂದಿ ಮೊದಲ ಕೆಲಸಕ್ಕೆ ಹೊರಟವರು. ಅತಿಥಿ ಶಿಕ್ಷಕರು, ಫೈನಾನ್ಸ್ ಕಂಪನಿಯ ಹುಡುಗರು, ಆಸ್ಪತ್ರೆ ಕೌಂಟರಿನ ಹುಡುಗಿಯರು. ಕಡಿಮೆ ರೇಟಿಗೆ ರೆಡಿಮೇಡ್ ತಂದು, ಮೈಗೆ ಕೂಡಿಸಿಕೊಡಿ ಎನ್ನುತ್ತಾರೆ. ದಿನಕ್ಕೆ ಹದಿನೈದಿಪ್ಪತ್ತು ಬಟ್ಟೆ, ಒಂದಕ್ಕೆ ಮೂವತ್ತೋ ನಲವತ್ತೋ ರೂಪಾಯಿ. ಬಂಡೆಮ್ಮನವರ ಸ್ವಂತ ಕುಪ್ಪಸದ ತೋಳಿಗೆ ಬೇರೆ ಬಣ್ಣದ ದಾರದಲ್ಲಿ ತೇಪೆ ಹಾಕಿದೆ. ನಾನು ನೋಡಿದ್ದು ತಿಳಿದು ಸೆರಗು ಎಳೆದುಕೊಳ್ಳುತ್ತಾರೆ.

ನನ್ನದೂ ಒಂದು ಸಂಕಟವಿದೆ, ಹೇಳಿಕೊಳ್ಳುತ್ತೇನೆ. ನಲವತ್ತನೇ ಸೈಜಿನ ಎರಡು ಅಂಗಿ ಕೊಂಡಿದ್ದೇನೆ. ಒಂದರಲ್ಲಿ ಗುಂಡಿ ಹಾಕಿದರೆ ಉಸಿರು ನಿಲ್ಲುತ್ತದೆ, ಇನ್ನೊಂದರಲ್ಲಿ ನಾನೂ ನನ್ನ ಭಾವಮೈದುನನೂ ಒಟ್ಟಿಗೆ ತೂರಿಕೊಳ್ಳಬಹುದು. ಒಂದೇ ನಂಬರು, ಒಂದೇ ಬೀದಿ. ಇದು ಹೇಗೆ ಅಂತ ಕೇಳಿದರೆ ಬಂಡೆಮ್ಮನವರಿಗೂ ಗೊತ್ತಿಲ್ಲ. "ಆ ಚೀಟಿ ನಾ ನೋಡಂಗೇ ಇಲ್ರೀ. ಹೆಗಲು ನೋಡ್ರಿ ಮೊದಲ. ಹೆಗಲು ಕುಂತ್ರ ಉಳಿದಿದ್ದು ನಾ ಕುಂದ್ರಸ್ತೀನಿ. ಆಮ್ಯಾಲ ಒಳಗ ಹೊಳ್ಳಿಸಿ ನೋಡ್ರಿ, ಬಟ್ಟಿ ಎಷ್ಟು ಬಿಟ್ಟಾರ ಅಂತ. ಅರ್ಧ ರೇಟಿಗೆ ಹಾಕಿದ್ದು ದೊಡ್ಡ ಸೈಜ್ ಇದ್ರ ಸುಮ್ಕ ತಗೋರಿ, ಸಣ್ಣ ಮಾಡಬಹುದು. ಸಣ್ಣದು ತಂದು ದೊಡ್ಡ ಮಾಡು ಅಂದ್ರ ನಾ ಬಟ್ಟಿ ಎಲ್ಲಿಂದ ತರ್ಲಿ?"

ಇನ್ನೊಂದು ಪದ್ಧತಿ ಇದೆ. ಊರ ಹೆಣ್ಣುಮಕ್ಕಳಿಗೆ ಬೀದಿಯಲ್ಲಿ ಟೇಪು ಸುತ್ತಿಸಿಕೊಂಡು ನಿಲ್ಲಲು ಸಂಕೋಚ, ಗಂಡುಹುಡುಗರಿಗೆ ಬಸ್ಸಿನ ಅವಸರ. ಹಾಗಾಗಿ ಹೊಸ ಬಟ್ಟೆ ಇಲ್ಲಿ ಬಿಟ್ಟು ಹೋಗಿ, ತಮಗೆ ಸರಿ ಕೂಡುವ ಒಂದು ಬಟ್ಟೆಯನ್ನು ಆಮೇಲೆ ಚೀಲದಲ್ಲಿ ಹಾಕಿ ಕಳಿಸುತ್ತಾರೆ. ಅದು ಅಳತಿ ಬಟ್ಟಿ. ದೇವದುರ್ಗದ ಕಡೆಯ ಚೀಲಗಳನ್ನು ತರುವವರು ಮಹಾಂತಯ್ಯ. ರಾಯಚೂರಿನ ಒಂದು ಕಚೇರಿಯಲ್ಲಿ ಜವಾನರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಬರುವ ದಾರಿ ಹೇಗೂ ಇದೇ, ಒಂದು ಚೀಲ ತಂದರೆ ಕೈಯೇನು ಸವೆಯುತ್ತದೆಯೇ ಎನ್ನುವ ಜನ.

ಒಂಬತ್ತಕ್ಕೆ ಮಹಾಂತಯ್ಯ ಬರುತ್ತಾರೆ, ಕೈಯಲ್ಲಿ ಮೂರು ಚೀಲ. ಅವರ ಹಿಂದೆಯೇ ಅದೇ ಬಸ್ಸಿನಿಂದ ಇಳಿದ ಹುಡುಗಿ. ಅರಕೇರಾದ ದೇವಿಕಾ. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿದೆ. ಹನ್ನೊಂದು ಗಂಟೆಗೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೌಂಟರ್ ಕೆಲಸಕ್ಕೆ ಇಂಟರ್‌ವ್ಯೂ. ಇದು ಎರಡನೆಯದು. "ಹೋದ ಸಲ ಗೆಳತಿ ಟಾಪ್ ಹಾಕ್ಕೊಂಡು ಹೋಗಿದ್ದೆ. ಸಡ್ಲ ಆಗತದ ಅಂತ ಹಿಂದ ಪಿನ್ನು ಚುಚ್ಚಿದ್ದೆ. ಪಿನ್ನು ಕಂಡೀತಂತ ವೇಲು ಹಿಡ್ಕೊಂಡೇ ಕುಂತೆ. ಅವರು ಏನು ಕೇಳಿದ್ರು, ನಾ ಏನು ಹೇಳಿದೆ, ಒಂದೂ ನೆನಪಿಲ್ರೀ." ಈ ಸಲವೂ ಆಗದಿದ್ದರೆ ಇನ್ನು ಹತ್ತು ದಿನಕ್ಕೆ ಮನೆಯವರ ಜೊತೆ ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋಗಬೇಕು. "ಅವರಿಗೆ ಅಡಗಿ ಮಾಡಾಕ ಯಾರರ ಬೇಕಲ್ರೀ" ಎಂದು ಸಣ್ಣ ದನಿಯಲ್ಲಿ ಹೇಳುತ್ತಾಳೆ.

ಅವಳ ಕುರ್ತಾ ಸಿದ್ಧವಿದೆ. ಬೂದು ಬಣ್ಣ, ಅರ್ಧ ರೇಟಿನ ರಾಶಿಯಲ್ಲಿ ಸಿಕ್ಕ ಡಬಲ್ ಎಕ್ಸೆಲ್. ಅಳತೆಗೆಂದು ಬಂದ ಹಸಿರು ಕುರ್ತಾದ ಪ್ರಕಾರ ಬಂಡೆಮ್ಮ ಅದನ್ನು ಕಿರಿದು ಮಾಡಿ ಇಸ್ತ್ರಿ ಹಾಕಿ ಇಟ್ಟಿದ್ದಾರೆ. ಕಟ್ಟೆ ಬಿಟ್ಟುಕೊಟ್ಟಿರುವ ಲೇಡೀಸ್ ಡ್ರೆಸ್ ಅಂಗಡಿಯ ಜಬೀನ್ ಆಗಷ್ಟೇ ಷಟರ್ ಎತ್ತಿದ್ದಾರೆ. ಅವರ ಟ್ರಯಲ್ ರೂಮಿಗೆ ಹೋಗಿ ದೇವಿಕಾ ಹಾಕಿಕೊಂಡು ಬರುತ್ತಾಳೆ. ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಹಾಗಂತ ಹೇಳಿಯೂ ಬಿಡುತ್ತೇನೆ.

"ಕುಂದ್ರು" ಎನ್ನುತ್ತಾರೆ ಬಂಡೆಮ್ಮ. ಕುಳಿತರೆ ಹೊಟ್ಟೆಯ ಮೇಲೆ ಬಟ್ಟೆ ಬಿಗಿದು ನೆರಿಗೆ ಬೀಳುತ್ತದೆ. "ಕೈ ಎತ್ತು." ಕೈ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಕಂಕುಳದಲ್ಲಿ ಹೊಲಿಗೆ ಚರ್ ಎನ್ನುತ್ತದೆ. ದೇವಿಕಾ ಬಾಡಿದ ಮುಖದಲ್ಲಿ ಒಳಗೆ ಹೋಗಿ, ಬಂದಾಗ ಹಾಕಿದ್ದನ್ನೇ ಮತ್ತೆ ಹಾಕಿಕೊಂಡು, ಬೂದು ಕುರ್ತಾ ತಂದುಕೊಡುತ್ತಾಳೆ.

ಬಂಡೆಮ್ಮ ಹಸಿರು ಕುರ್ತಾ ತಂದು ಬೂದು ಕುರ್ತಾದ ಮೇಲೆ ಹಚ್ಚಿ ಹಿಡಿಯುತ್ತಾರೆ. ಹೆಗಲಿಗೆ ಹೆಗಲು, ಎದೆಗೆ ಎದೆ, ನೂಲೆಳೆಯಷ್ಟೂ ಫರಕಿಲ್ಲ. ಮತ್ತೊಮ್ಮೆ ಹಿಡಿಯುತ್ತಾರೆ. ಮೂರನೇ ಸಲ ನನ್ನ ಕೈಗೆ ಕೊಟ್ಟು ನೀವು ಹಿಡೀರಿ ಎನ್ನುತ್ತಾರೆ. ನಾನು ಹಿಡಿದರೂ ಅಷ್ಟೇ. "ಅಳತಿ ಸರಿ ಅದ, ಹೊಲಿಗಿ ಸರಿ ಅದ, ಮತ್ತ ಯಾಕ ಕುಂದ್ರವಲ್ದು? ನನ್ನ ತಲಿ ಕೆಟ್ಟದ ನೋಡ್ರಿ."

ಜಬೀನ್ ಒಂದು ವಾರದಲ್ಲಿ ಹುಡುಗಿ ದಪ್ಪಗಾಗಿರಬೇಕು ಎನ್ನುತ್ತಾರೆ. ದೇವಿಕಾಳನ್ನು ನೋಡಿದರೆ ದಪ್ಪಗಾಗುವ ಮಾತೇ ಇಲ್ಲ. ಬಟ್ಟೆ ಒಗೆದಾಗ ಕುಗ್ಗಿತೇ ಅಂತ ನಾನು ಕೇಳುತ್ತೇನೆ. ಒಗೆದೇ ಇಲ್ಲ. ಕೊನೆಗೆ ಬಂಡೆಮ್ಮನವರ ಕಣ್ಣು ಮಹಾಂತಯ್ಯನವರ ಮೇಲೆ ಹೋಗುತ್ತದೆ. "ಅಯ್ಯನವ್ರ, ಬಸ್ಸಿನಾಗ ಚೀಲ ಏನರ ಅದಲು ಬದಲು ಆಗ್ಯಾವೇನ್ರಿ?"

ಮಹಾಂತಯ್ಯನವರಿಗೆ ಚುಚ್ಚಿದಂತಾಗುತ್ತದೆ. "ಬಂಡೆಮ್ಮಾ, ಎಂಟು ವರ್ಷ ಆತು ತರಾಕತ್ತು. ಒಂದು ಚೀಲ ಅದಲು ಬದಲು ಆಗಿದ್ದು ತೋರಿಸು. ಅರಕೇರಾದ ಚೀಲ ಅರಕೇರಾದವರದೇ." ಆಫೀಸಿಗೆ ಹೊತ್ತಾಯಿತು ಎನ್ನುತ್ತಾರೆ, ಆದರೆ ಹೋಗುವುದಿಲ್ಲ. ಒಂಬತ್ತೂ ಮುಕ್ಕಾಲು ಆಗಿದೆ. ಹುಡುಗಿಯ ಸುತ್ತ ನಾವು ನಾಲ್ಕು ಜನ ಎರಡು ಕುರ್ತಾ ನೋಡುತ್ತ ನಿಂತಿದ್ದೇವೆ, ಯಾರ ತಪ್ಪು ಅಂತ ಯಾರಿಗೂ ತಿಳಿಯುತ್ತಿಲ್ಲ.

ದೇವಿಕಾ ನೆಲ ನೋಡುತ್ತ ಹೇಳುತ್ತಾಳೆ. "ಆ ಹಸರು ನಂದಲ್ರೀ ಅಮ್ಮಾ. ನಮ್ಮಕ್ಕ ವಿಜಯಶ್ರೀಂದು. ಅಕಿ ನನಕಿಂತ ತೆಳ್ಳಗದಾಳ."

"ಅಕೀದು ಯಾಕ ಕಳ್ಸಿದ್ರಿ ಮತ್ತ?"

"ನಾ ದಿನಾ ಹಾಕ್ಕೊಳ್ಳೋದು ಹರದದ. ಪ್ಯಾಟಿ ಮಂದಿಗೆ ಹರಕು ಕಳಸಿದ್ರ ಏನಂದಾರು, ಮನ್ಯಾಗ ಇದ್ದದ್ದರಾಗ ಚೊಲೋದು ಕಳ್ಸು ಅಂದ್ಳು ನಮ್ಮವ್ವ."

ಬೈಯುತ್ತಾರೆ ಎಂದುಕೊಳ್ಳುತ್ತೇನೆ. ಬಂಡೆಮ್ಮ ಮೊದಲು ಮಹಾಂತಯ್ಯನವರ ಕಡೆ ತಿರುಗಿ "ತಪ್ಪಾತ್ರಿ ಅಯ್ಯನವ್ರ" ಎನ್ನುತ್ತಾರೆ. ಮಹಾಂತಯ್ಯ ತಲೆಯಾಡಿಸಿ ಆಫೀಸಿಗೆ ಹೊರಡುತ್ತಾರೆ. ಆಮೇಲೆ ಬಂಡೆಮ್ಮ ನನಗೆ ಹೇಳುತ್ತಾರೆ: "ಎಲ್ಲಾರೂ ಇದನ್ನೇ ಮಾಡ್ತಾರ ಸರ. ದಿನಾ ಹಾಕ್ಕೊಳ್ಳೋದು ಕಳಸ್ರಿ ಅಂತ ಬಾಯಿ ನೋಯೋ ಹಂಗ ಹೇಳ್ತೀನಿ. ಮಾನಕ್ಕ ಅಂಜಿ ಚೊಲೋದು ಕಳಸ್ತಾರ. ಚೊಲೋದು ಯಾರ ಮೈಗೂ ಕುಂತಿರಂಗಿಲ್ಲ, ಅದಕ್ಕ ಅದು ಚೊಲೋ ಉಳದಿರತದ. ಪೋತ್ನಾಳದಾಂವ ಒಬ್ಬ ತನ್ನ ಮದುವಿ ಪ್ಯಾಂಟು ಕಳ್ಸಿದ್ದ."

ನನ್ನ ಚೀಲದಲ್ಲಿ ಹೊಸ ಪ್ಯಾಂಟಿನ ಜೊತೆ ಅಳತೆಗೆಂದು ನಾನು ತಂದಿರುವುದೂ ನನ್ನ ಮದುವೆಯ ಪ್ಯಾಂಟೇ. ಚೀಲವನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳುತ್ತೇನೆ. ಬಂಡೆಮ್ಮ ನೋಡಿಯೂ ನೋಡದ ಹಾಗೆ ಇರುತ್ತಾರೆ.

"ಬಸ್ಸಿನಾಗ ಹಾಕ್ಕೊಂಡು ಬಂದಿದ್ದು ಕೊಡಬೇ" ಎಂದು ದೇವಿಕಾಳ ಮುಂದೆ ಕೈ ಚಾಚುತ್ತಾರೆ. ಹುಡುಗಿಗೆ ನಾಚಿಕೆ, ಒಲ್ಲೆ ಎನ್ನುತ್ತಾಳೆ. ಜಬೀನ್ ಅಂಗಡಿಯಿಂದ ಒಂದು ನೈಟಿ ತೆಗೆದು ಕೊಟ್ಟು ಅವಳನ್ನು ಒಳಗೆ ಕೂರಿಸುತ್ತಾರೆ. ಹಳೇ ಕುರ್ತಾ ಹೊರಗೆ ಬರುತ್ತದೆ. ಬಣ್ಣ ಹೋಗಿದೆ, ಕಂಕುಳದಲ್ಲಿ ಹರಿದು ತೇಪೆ ಬಿದ್ದಿದೆ, ತೇಪೆಯೂ ಬಿಚ್ಚಿದೆ. ಇಷ್ಟು ಹೊತ್ತು ಅದು ಅವಳ ಮೈಮೇಲೆ ನಮ್ಮ ಕಣ್ಣೆದುರೇ ಇತ್ತು.

ಟೇಪಿನಲ್ಲೇ ಅಳೆದರೆ ಮುಗಿಯಿತಲ್ಲ ಎಂದು ಕೇಳುತ್ತೇನೆ. ಬಂಡೆಮ್ಮ ಬ್ಲೇಡು ಹುಡುಕುತ್ತಲೇ ಉತ್ತರಿಸುತ್ತಾರೆ. "ಟೇಪ್ ಹಿಡಿದ್ರ ಮಂದಿ ಉಸರು ಹಿಡಿತಾರ, ಹೊಟ್ಟಿ ಒಳಗ ಎಳಕೊಂತಾರ. ಹಳೀ ಬಟ್ಟಿ ಹಂಗ ಸುಳ್ಳು ಹೇಳಂಗಿಲ್ಲ. ಇಲ್ಲಿ ನೋಡ್ರಿ, ಬಲಗಡಿ ಕಂಕುಳಾಗ ಜಾಸ್ತಿ ಹರದದ. ಬಲಗೈಲೆ ಕೊಡ ಎತ್ತತಾಳ. ಇಲ್ಲಿ ಬೆನ್ನಾಗ ಹಿಂಜ್ಯಾದ, ಬಗ್ಗಿ ಕೆಲಸ ಮಾಡ್ತಾಳ. ಎಲ್ಲಿ ಹರದದೋ ಅಲ್ಲಿ ಬಟ್ಟಿ ಸಾಲವಲ್ದು ಅಂತ. ಅಲ್ಲಿ ಬಿಡಬೇಕು." ಒಳಗಿನಿಂದ ದೇವಿಕಾ "ಹೌದ್ರೀ, ಬಲಗೈಲೇ" ಎನ್ನುತ್ತಾಳೆ.

ಆದರೆ ಸಣ್ಣ ಮಾಡಿದ ಬಟ್ಟೆಯನ್ನು ಈಗ ದೊಡ್ಡದು ಮಾಡುವುದು ಹೇಗೆ? ನನಗೆ ಮತ್ತೆ ದಿಗಿಲು. ಬಂಡೆಮ್ಮ ಬೂದು ಕುರ್ತಾ ಒಳಮಗ್ಗುಲು ಹೊರಳಿಸಿ ತೋರಿಸುತ್ತಾರೆ. ಕಿರಿದು ಮಾಡಿದ್ದೆಲ್ಲ ಒಳಗೇ ಮಡಚಿಕೊಂಡಿದೆ, ಒಂದು ಚೂರೂ ಕತ್ತರಿಸಿಲ್ಲ. "ಹಾಕ್ಕೊಂಡು ನೋಡೋತನಕ ನಾ ಕತ್ರಿ ಹಚ್ಚಂಗಿಲ್ಲ ಸರ. ಹನ್ನೊಂದು ವರ್ಷ ಮಂದಿ ತಪ್ಪು ಬಿಚ್ಚೀನಿ. ಕತ್ತರಿಸಿದ್ದು ಮಾತ್ರ ಬಿಚ್ಚಾಕ ಬರಂಗಿಲ್ಲ."

ಬ್ಲೇಡು ಓಡತೊಡಗುತ್ತದೆ. ಹಳೇ ಕುರ್ತಾ ಮೇಲೆ, ಹೊಸದು ಕೆಳಗೆ, ಸೀಮೆಸುಣ್ಣದ ಗೆರೆ, ಮಷೀನಿನ ಸದ್ದು. ಪ್ಯಾಂಟು ಒಯ್ಯಲು ಬಂದ ಒಬ್ಬರಿಗೆ ಕಣ್ಣಿನಲ್ಲೇ ಆಮೇಲೆ ಬರ್ರಿ ಎನ್ನುತ್ತಾರೆ. ನಾನು ಗಡಿಯಾರ ನೋಡುತ್ತ ಅತ್ತಿತ್ತ ತಿರುಗುತ್ತೇನೆ, ಯಾರಿಗೂ ಉಪಯೋಗವಿಲ್ಲ. ಹತ್ತೂವರೆಗೆ ಕುರ್ತಾ ಒಳಗೆ ಹೋಗುತ್ತದೆ. ದೇವಿಕಾ ಹೊರಬಂದು, ಯಾರೂ ಹೇಳುವ ಮೊದಲೇ ಕೂರುತ್ತಾಳೆ, ಏಳುತ್ತಾಳೆ, ಬಲಗೈಯನ್ನು ತಲೆಯ ಮೇಲೆ ಎತ್ತುತ್ತಾಳೆ. ಜಬೀನ್ ಆಟೋ ಕೂಗುತ್ತಾರೆ.

ಮಧ್ಯಾಹ್ನ ಮೂರಕ್ಕೆ ಹಳೇ ಕುರ್ತಾ ಒಯ್ಯಲು ಅವಳು ಮರಳಿ ಬರುತ್ತಾಳೆ. ಇಂಟರ್‌ವ್ಯೂನಲ್ಲಿ ಆರು ಪ್ರಶ್ನೆ ಕೇಳಿದರಂತೆ. ಆರನ್ನೂ ನೆನಪಿಟ್ಟುಕೊಂಡು ಹೇಳುತ್ತಾಳೆ. ಫೋನ್ ಮಾಡ್ತೀವಿ ಅಂದಿದ್ದಾರೆ.

"ಬಟ್ಟಿ ಬಗ್ಗೆ ಏನಂದ್ರು?" ಎಂದು ಬಂಡೆಮ್ಮ ಕೇಳುತ್ತಾರೆ.

"ಏನೂ ಅನ್ಲಿಲ್ರೀ. ನನಗೂ ಅದರ ನೆನಪೇ ಬರ್ಲಿಲ್ಲ."

"ಹಂಗಾದ್ರ ಸರಿ ಕುಂತದ." ಅಷ್ಟು ಹೇಳಿ ಬುತ್ತಿ ಬಿಚ್ಚುತ್ತಾರೆ. ಬೆಳಗಿನಿಂದ ಊಟ ಮಾಡಿಲ್ಲ ಎಂಬುದು ನನಗೆ ಆಗ ಹೊಳೆಯುತ್ತದೆ.

ಹನ್ನೆರಡು ದಿನದ ನಂತರ ನಾನು ಮತ್ತೆ ಹೋಗುತ್ತೇನೆ. ಈ ಸಲ ಚೀಲದಲ್ಲಿ ಮೊಣಕಾಲು ಬಿಳಿಚಿದ, ಸೊಂಟಕ್ಕೆ ಹೆಂಡತಿ ಕೈಯಾರೆ ತುಂಡು ಬಟ್ಟೆ ಹಚ್ಚಿಕೊಟ್ಟ ಹಳೇ ಪ್ಯಾಂಟಿದೆ. ಬಂಡೆಮ್ಮ ಅದನ್ನು ನೋಡಿ ನಗುತ್ತಾರೆ. "ಬುದ್ಧಿ ಬಂತು ನಿಮಗ."

ಒಂಬತ್ತಕ್ಕೆ ಮಹಾಂತಯ್ಯ ಬಂದು ಅರಕೇರಾದ ಚೀಲವನ್ನು ಎಲ್ಲಕ್ಕಿಂತ ಮೊದಲು ಕೊಡುತ್ತಾರೆ. "ಆ ಹುಡುಗಿಗೆ ಒಂದನೇ ತಾರೀಖಿನಿಂದ ಬಾ ಅಂದಾರಂತ. ಅಕಿ ಮನಿಯವರು ಮೊನ್ನಿ ಪುಣೆಗೆ ಹೋದ್ರು. ಅಕಿ ಹೋಗಲಿಲ್ಲ." ಚೀಲದಲ್ಲಿ ಇನ್ನೊಂದು ಅರ್ಧ ರೇಟಿನ ಕುರ್ತಾ. ಅದರ ಕೆಳಗೆ ಒಗೆದು, ಮಡಚಿ, ಹಳೇ ಪೇಪರಿನಲ್ಲಿ ಸುತ್ತಿದ ಆ ಹರಕು ಕುರ್ತಾ. ತೇಪೆಯನ್ನೂ ಸರಿ ಮಾಡಿಲ್ಲ, ಇದ್ದ ಹಾಗೇ ಕಳಿಸಿದ್ದಾಳೆ.

ಬಂಡೆಮ್ಮ ಅದನ್ನು ತೊಡೆಯ ಮೇಲೆ ಹರವಿಕೊಂಡು ತೇಪೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ. "ಎಂಟು ವರ್ಷದಾಗ ಹೇಳಿದ್ದು ಕೇಳಿ ಹರಕು ಕಳ್ಸಿದಾಕಿ ಇಕಿ ಒಬ್ಬಾಕಿ" ಎನ್ನುತ್ತಾರೆ. ಖುಷಿ ಮುಚ್ಚಿಡಲು ಬರುವುದಿಲ್ಲ ಅವರಿಗೆ.

ಪತ್ರಿಕೆಗೆ ಫೋಟೋ ಬೇಕು ಎಂದು ನಾನು ಮೊಬೈಲ್ ತೆಗೆಯುತ್ತೇನೆ. ಬಂಡೆಮ್ಮ ಗಾಬರಿಯಾಗಿ ಸೆರಗಿನಿಂದ ಕುಪ್ಪಸದ ತೋಳು ಮುಚ್ಚಿಕೊಳ್ಳುತ್ತಾರೆ.

"ಇವತ್ತು ಬ್ಯಾಡ್ರಿ ಸರ. ನಾಳಿ ಬರ್ರಿ, ಚೊಲೋ ಸೀರಿ ಉಟ್ಕೊಂಡು ಬರ್ತೀನಿ. ಪೇಪರಿನಾಗ ನೋಡಿದ ಮಂದಿ ಏನಂದಾರು?"

ನಾನು ಮೊಬೈಲ್ ಜೇಬಿಗೆ ಹಾಕಿಕೊಂಡು ಏಳುತ್ತೇನೆ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕರೆಯುತ್ತಾರೆ. ತಿರುಗಿ ನೋಡಿದರೆ ತೊಡೆಯ ಮೇಲೆ ದೇವಿಕಾಳ ಕುರ್ತಾ ಹಾಗೇ ಇದೆ. ತೋಳಿನ ಮೇಲಿದ್ದ ಸೆರಗು ಹಿಂದಕ್ಕೆ ಸರಿದಿದೆ.

"ನಾಳಿ ಬ್ಯಾಡ. ಇದರಾಗೇ ತೆಗೀರಿ."