ಗೌಡರ ತೋಟದ ಒಂದಿಂಚು ಮಳೆ

"ನಿಮ್ಮಲ್ಲಿ ಎಷ್ಟು ಸೆಂಟ್ಸ್ ಮಾರಾಯ್ರೆ?"

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂದ ಮರುದಿನ ಗೋಣಿಬೀಡಿನ ಹೋಟೆಲಿಗೆ ಕಾಲಿಟ್ಟರೆ ಮೊದಲು ಎದುರಾಗುವ ಪ್ರಶ್ನೆ ಇದೇ. (ನಾವು ಕಾಫಿಯವರು ಮಳೆಯನ್ನು ಇಂದಿಗೂ ಇಂಚಿನಲ್ಲೇ ಅಳೆಯುತ್ತೇವೆ. ನೂರು ಸೆಂಟ್ಸ್ ಸೇರಿದರೆ ಒಂದಿಂಚು. ಮಿಲಿಮೀಟರಿನಲ್ಲಿ ಜಂಬ ಕೊಚ್ಚಿದರೆ ಗತ್ತು ಬರುವುದಿಲ್ಲ ನೋಡಿ.)

ಕಳೆದ ವಾರ ನಾನು "ನಲವತ್ತು" ಎಂದೆ. ಬಿದ್ದದ್ದೇ ಅಷ್ಟು.

ಪಕ್ಕದ ತೋಟದ ಶೇಖರೇಗೌಡರು ನಕ್ಕರು. "ನಲವತ್ತಾ? ಪಾಪ! ನಮ್ಮಲ್ಲಿ ಒಂದಿಂಚಿನ ಮೇಲೆ."

ನಮ್ಮಿಬ್ಬರ ತೋಟದ ನಡುವೆ ಇರುವುದು ಒಂದು ಬೇಲಿ. ಮೋಡಕ್ಕೆ ಬೇಲಿ ಕಾಣಿಸುತ್ತದೆಯೇ?

"ನಿಮಗೆ ಗೊತ್ತಾಗಲ್ಲ ಬಿಡಿ" ಎಂದರು ಗೌಡರು. "ಪೆಸಿಫಿಕ್ ಸಮುದ್ರ ಕಾದ್ರೆ ಗಾಳಿ ದಿಕ್ಕು ಬದಲಾಗ್ತದೆ. ಆ ಗಾಳಿ ತಂದ ಮೋಡ ನಮ್ಮ ಗುಡ್ಡ ಹತ್ತಿ, ತಣ್ಣಗಾಗಿ, ಅಲ್ಲೇ ಸುರೀತದೆ. ಕೆಳಗಿರೋ ನಿಮಗೆ ಬರೀ ಗಾಳಿ!"

ಎಲ್ಲರೂ ತಲೆಯಾಡಿಸಿದರು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಮುದ್ರದ ಬಿಸಿ, ಗಾಳಿ, ಗುಡ್ಡ ಎಲ್ಲವೂ ಸೇರಿಯೇ ಹವಾಮಾನ. ಎಲ್ಲೋ ನೀರು ಕಾದರೆ ನಮ್ಮ ಮೂಡಿಗೆರೆಯ ಮಳೆ ಏರುಪೇರಾಗುವುದೂ ನಿಜ. ಆದರೆ ಸಮುದ್ರ ಗೌಡರ ಸರ್ವೆ ನಂಬರ್ ನೋಡಿಕೊಂಡು ಕಾಯುತ್ತದೆಯೇ?

ನಾನು ಕಾಫಿ ಮುಗಿಸಿ ಎದ್ದೆ. "ಬಹಳ ಸಂತೋಷ, ಗೌಡ್ರೇ. ಹಂಗಾದ್ರೆ ಈ ಸಲ ಪಂಪ್ ಮೊದಲು ನನಗೆ."

ಗೌಡರ ನಗು ಇಳಿಯಿತು. ಸ್ಪ್ರಿಂಕ್ಲರ್ ಪಂಪನ್ನು ನಾವಿಬ್ಬರೂ ಪಾಲಿನಲ್ಲಿ ಕೊಂಡಿದ್ದೇವೆ. ಯಾರ ತೋಟಕ್ಕೆ ಕಡಿಮೆ ಮಳೆಯೋ ಅವರಿಗೆ ಮೊದಲ ಸರದಿ. ಹೂಮಳೆ ಅರೆಬರೆ ಬಿದ್ದರೆ ಬೀಳದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಎಚ್ಚರಗೊಂಡಿರುತ್ತದೆ, ಅರಳಲು ನೀರು ಸಾಲುವುದಿಲ್ಲ. ತಕ್ಷಣ ಸ್ಪ್ರಿಂಕ್ಲರ್ ಹಾಕದಿದ್ದರೆ ವರ್ಷದ ಫಸಲೇ ಹೋಯಿತು.

ಮಧ್ಯಾಹ್ನ ಗೌಡರ ಜೀಪು ನಮ್ಮ ಅಂಗಳಕ್ಕೆ ಬಂತು.

"ಪಂಪ್ ಇವತ್ತೇ ಬೇಕಿತ್ತು."

"ಒಂದಿಂಚು ಬಿದ್ದ ತೋಟಕ್ಕೆ ಇನ್ನೂ ನೀರಾ? ಬೇರು ಕೊಳೀತದೆ ಗೌಡ್ರೇ."

"ತಮಾಷೆ ಸಾಕು ಮಾರಾಯ್ರೆ. ಹೂವು ಹೋಗ್ತದೆ."

ಸಂತೆಯಲ್ಲಿ ಮೆಣಸು ಮಾರಿ ಮೇಲೆ ಬಂದವನು ನಾನು. ನಿಮಗೂ ಒಂದು ಬುದ್ಧಿಮಾತು: ಚೌಕಾಸಿಯಲ್ಲಿ ಎದುರಿನವನ ಹತ್ತಿರ ಧಾರಾಳವಾಗಿ ಇರುವುದನ್ನು ಕೇಳಬೇಡಿ. ಕೊಡಲು ಕರುಳು ಹಿಂಡುವುದನ್ನೇ ಕೇಳಿ.

"ಕೊಡ್ತೀನಿ" ಎಂದೆ. "ನನ್ನ ಗಿಡ ಇನ್ನೊಂದು ದಿನ ತಡ್ಕೊಳ್ತವೆ. ಆದ್ರೆ ಸಂಜೆ ಅದೇ ಹೋಟೆಲಲ್ಲಿ, ಅದೇ ಜನರೆದುರು, ಸರಿಯಾದ ಸೆಂಟ್ಸ್ ಹೇಳ್ಬೇಕು."

ಗೌಡರು ಬೂಟಿನ ಮಣ್ಣು ನೋಡುತ್ತಲೇ "ಆಯ್ತು" ಎಂದರು.

ಸಂಜೆ ಬಂದರು. ಟೇಬಲ್ಲುಗಳೆಲ್ಲ ತುಂಬಿದ್ದವು. ಗಂಟಲು ಸರಿಮಾಡಿಕೊಂಡರು.

"ನಮ್ಮ ಮಳೆಮಾಪಕ ವಾಲಿತ್ತು ಮಾರಾಯ್ರೆ. ನೆಟ್ಟಗೆ ನಿಲ್ಲಿಸಿ ನೋಡಿದ್ರೆ... ಇಪ್ಪತ್ತೈದು."

(ವಾಲಿದ ಪಾತ್ರೆಯಲ್ಲಿ ಮಳೆ ನಾಲ್ಕು ಪಟ್ಟು ಹೇಗೆ ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳುವವರ ಮನೆಯ ಮಾಪಕಗಳೂ ಅಷ್ಟಿಷ್ಟು ವಾಲಿದವೇ.)

ಒಪ್ಪಿದ ಕೂಡಲೇ ನಾನು ಕಳಿಸಿದ್ದ ಪಂಪ್ ಆಗಲೇ ಅವರ ಹಳ್ಳದ ಹತ್ತಿರ ಇಳಿದಿತ್ತು.

ಕಾಣದ ಸಮುದ್ರ ಕಾದಿದೆ ಎಂದರೆ ತಕ್ಷಣ ನಂಬುವ ನಮಗೆ, ಸ್ವಂತ ಅಂಗಳದಲ್ಲಿ ಮಳೆ ಕಡಿಮೆಯಾಗಿದೆ ಎಂದು ಒಪ್ಪಿಕೊಳ್ಳಲು ಪಂಪ್ ತಡೆಹಿಡಿದೇ ಹೇಳಿಸಬೇಕೇ?